ತುಂಬಿದ್ದ ಹಾಗೇ ಬಂದ ಬಾಟಲಿ

ತಹಸೀನ್‌ಗೆ ಕೆಲಸ ಕೊಟ್ಟು ಕೈ ಸುಟ್ಟುಕೊಂಡೆ ಅಂತ ಬಸವಪ್ರಸಾದ್ ಇವತ್ತಿಗೂ ಚಾಮರಾಜನಗರದ ತುಂಬ ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ. ಅವನ ಬಾಯಿ, ಅವನಿಷ್ಟ. ಆದರೆ ಅವನು ಹೇಳುವುದು ಅರ್ಧ ಕಥೆ. ಉಳಿದರ್ಧ ಹೇಳಲು ಅವನಿಗೆ ನಾಚಿಕೆ. ಯಾಕೆಂದರೆ ಅದು ಶುರುವಾದಾಗ ಅವನು ಕಕ್ಕಸಿನಲ್ಲಿ ಕೂತಿದ್ದ.

ಮೊದಲಿಂದ ಹೇಳಬೇಕಾದರೆ ಹತ್ತಿಯಿಂದ ಶುರು ಮಾಡಬೇಕು. ತಹಸೀನ್ ಗುಂಡ್ಲುಪೇಟೆಯ ಹುಡುಗಿ. ಅವಳಪ್ಪ ಅಬ್ದುಲ್ ಜಬ್ಬಾರ್ ಹಾಸಿಗೆ ಹೊಲಿಯುವವರು. ಊಟಿ ರಸ್ತೆಯಿಂದ ಒಳಗೆ ಹೋಗುವ ಓಣಿಯಲ್ಲಿ ಮನೆ. ಮನೆ ಮುಂದೆ ತಗಡಿನ ಚಪ್ಪರ, ಚಪ್ಪರದಡಿ ಹತ್ತಿ ಹಿಂಜುವ ಮಿಷನ್ನು. ಮಿಷನ್ನು ಬರುವ ಮುಂಚೆ ಜಬ್ಬಾರ್ ಹಿಂಜುವ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಊರೂರು ತಿರುಗುತ್ತಿದ್ದರು. ಮದುವೆ ಗೊತ್ತಾದ ಮನೆಗಳಿಂದ ಕರೆ ಬರುತ್ತಿತ್ತು. ದೊಡ್ಡ ಮನೆಗಳ ಜಗಲಿಯ ಮೇಲೆ ಕೂತು ದಿನವಿಡೀ ಹತ್ತಿ ಹಿಂಜಿ, ತುಂಬಿ, ಹೊಲಿದು ಕೊಡುತ್ತಿದ್ದರು. ಹಾಸಿಗೆ ಒಳಗೆ ಹೋಗುತ್ತಿತ್ತು. ಹೊಲಿದವರು ಜಗಲಿಯಲ್ಲೇ. ಬಾಯಾರಿದರೆ ಬೊಗಸೆ ಒಡ್ಡಬೇಕು, ಮೇಲಿನಿಂದ ನೀರು ಹುಯ್ಯುತ್ತಿದ್ದರು. ಈಗ ಅವರ ಎದೆಯಲ್ಲಿ ಆ ಹತ್ತಿಯೆಲ್ಲ ಕೂತಿದೆ. ಕೆಮ್ಮಿದರೆ ಇಡೀ ಓಣಿಗೆ ಕೇಳುತ್ತದೆ.

ಇಂಟರ್ನ್‌ಶಿಪ್ಪಿನ ಮೊದಲ ಇಂಟರ್ವ್ಯೂ ಫೋನಿನ ವಿಡಿಯೋದಲ್ಲಿ ನಡೆಯಿತು. ತಹಸೀನ್ ಚಪ್ಪರದ ಕಂಬಕ್ಕೆ ಫೋನು ಆನಿಸಿ ಕೂತಿದ್ದಳು. ಮನೆಯೊಳಗೆ ಸಿಗ್ನಲ್ ಬರುವುದಿಲ್ಲ. ಆ ಕಡೆ ರೂಪಶ್ರೀ ಅನ್ನುವ ಸೀನಿಯರ್ ಎಂಜಿನಿಯರ್.

"ಹಿಂದೆ ಬೆಳ್ಳಗೆ ಏನದು ತಹಸೀನ್? ಗೋಪಾಲಸ್ವಾಮಿ ಬೆಟ್ಟದ ಮೇಲೆ ಕೂತಿದ್ದೀಯಾ?"

"ಇಲ್ಲ ಮೇಡಂ. ಹತ್ತಿ. ನಮ್ಮ ಅಬ್ಬಾ ಇವತ್ತು ರಜಾ ಹಾಕ್ತೀನಿ ಅಂದ್ರು. ಗಿರಾಕಿ ಬಿಡ್ಲಿಲ್ಲ."

ರೂಪಶ್ರೀ ನಕ್ಕಳು. ಕೋಡ್ ಬರೆಸಿದಳು. ತಹಸೀನ್ ರೆಪ್ಪೆಯ ಮೇಲಿನ ಹತ್ತಿ ಒರೆಸಿಕೊಳ್ಳುತ್ತಾ ಬರೆದಳು. ಪಾಸಾಯಿತು.

ಎರಡನೆಯ ಇಂಟರ್ವ್ಯೂಗೆ ಚಾಮರಾಜನಗರಕ್ಕೇ ಹೋಗಬೇಕಾಯಿತು. ಜೋಡಿರಸ್ತೆಯಿಂದ ಒಳಗೆ ತಿರುಗಿದರೆ ಒಂದು ಗೊಬ್ಬರದಂಗಡಿ, ಅದರ ಮೇಲಿನ ಮಹಡಿಯಲ್ಲಿ ಕಂಪನಿ. ಮಾಲೀಕ ಬಸವಪ್ರಸಾದ್ ಗುಂಡ್ಲುಪೇಟೆಯ ಅರಿಶಿನದ ಸಾಹುಕಾರರ ಮಗ. ಹೊರಗಡೆ ಕೆಲಸ ಮಾಡಿ, ಸಾಕಾಗಿ, ಊರ ಹುಡುಗರಿಗೆ ಊರಲ್ಲೇ ಕೆಲಸ ಕೊಡುತ್ತೇನೆ ಅಂತ ವಾಪಸ್ಸು ಬಂದವನು. ಆ ಮಾತು ಸುಳ್ಳಲ್ಲ. ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಆದರೆ ಒಳ್ಳೆಯವರ ಬಾಯಿಂದ ಬರುವ ಮಾತೇ ಕೆಲವು ಸಲ ಜಾಸ್ತಿ ಚುಚ್ಚುತ್ತದೆ.

"ಗುಂಡ್ಲುಪೇಟೆಯಲ್ಲಿ ಯಾರ ಮಗಳಮ್ಮ?"

"ಅಬ್ದುಲ್ ಜಬ್ಬಾರ್ ಅಂತ ಸಾರ್. ಹಾಸಿಗೆ ಹೊಲೀತಾರೆ."

"ಓಹೋ! ಹಾಸಿಗೆ ಸಾಬಿ ಮಗಳಾ! ನಮ್ಮ ಮನೆ ಹಾಸಿಗೆಯೆಲ್ಲ ಅವನೇ ಹೊಲಿದಿದ್ದು ಕಣಮ್ಮ."

"ಹೂಂ ಸಾರ್. ಅವರೇ ಹೊಲಿದಿದ್ದು."

ಅವನಿಗೆ ತಾಗಲಿಲ್ಲ. ಇನ್ನೂ ಸಂತೋಷಪಟ್ಟ. "ಪರವಾಗಿಲ್ವೇ, ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ! ಎಲ್ಲಿ ಕಲಿತೆ?"

"ನೀವು ಕಲಿತ ಊರಲ್ಲೇ ಸಾರ್."

ಪಕ್ಕದಲ್ಲಿ ಕೂತಿದ್ದ ರೂಪಶ್ರೀಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ತಲೆ ಮೇಲೆ ಈ ಬಟ್ಟೆ ದಿನಾ ಇರುತ್ತಾ?"

"ಇರುತ್ತೆ ಸಾರ್. ತಲೆ ಒಳಗಿರೋದು ಕೇಳಿ, ಅದೂ ದಿನಾ ಇರುತ್ತೆ."

"ಅಲ್ಲ, ನಿಮ್ಮಲ್ಲಿ ಬೇಗ ಮದುವೆ ಮಾಡಿಬಿಡ್ತಾರೆ. ಕೆಲಸ ಕಲಿಸಿದ ಮೇಲೆ ನೀನು ಹೊರಟುಹೋದರೆ?"

ತಹಸೀನ್‌ಗೆ ಎದ್ದು ಬರಬೇಕು ಅನ್ನಿಸಿತು. ಎದ್ದು ಬರುವ ಹಾಗಿರಲಿಲ್ಲ. ನಕ್ಕಳು. ಕೆಲಸ ಬೇಕಾದವರು ನಗುವ ನಗು ಅದು. ಹಲ್ಲು ಕಾಣುತ್ತದೆ, ಕಣ್ಣು ಎಲ್ಲೋ ಇರುತ್ತದೆ.

ಅದೇ ದಿನ ಹಂಗಳದ ಮಾದೇಶ್ ಕೂಡ ಇಂಟರ್ವ್ಯೂಗೆ ಬಂದಿದ್ದ. ಯಾವ ಕಂಪ್ಯೂಟರ್ ಭಾಷೆಯ ಹೆಸರು ಹೇಳಿದರೂ "ಬತ್ತದೆ ಸಾ" ಅಂದ. ರೂಪಶ್ರೀ ತಮಾಷೆಗೆ ಈ ಲೋಕದಲ್ಲೇ ಇಲ್ಲದ ಒಂದು ಭಾಷೆಯ ಹೆಸರು ಹುಟ್ಟಿಸಿ ಕೇಳಿದಳು. "ಬತ್ತದೆ ಮೇಡಂ, ಅದ್ರಲ್ಲಿ ಪ್ರಾಜೆಕ್ಟೇ ಮಾಡಿವ್ನಿ" ಅಂದ. ಬಸವಪ್ರಸಾದ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಮ್ಮ ಕಡೆ ಹುಡುಗ, ಧೈರ್ಯ ಇದೆ" ಅಂತ ತೆಗೆದುಕೊಂಡ. ಮಾದೇಶನನ್ನು ಮದುವೆಯ ವಿಷಯ ಯಾರೂ ಕೇಳಲಿಲ್ಲ.

ತಹಸೀನ್ ಯಾಕೆ ನಕ್ಕಳು ಅಂತ ಹೇಳಿಬಿಡುತ್ತೇನೆ. ಅವಳ ಅಕ್ಕ ಮಿಸ್ಬಾ. ಬದನಗುಪ್ಪೆಯ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಾಳೆ. ಬೆಳಗ್ಗೆ ಫ್ಯಾಕ್ಟರಿ ಬಸ್ಸು ಹತ್ತಿದರೆ ಕತ್ತಲಾಗುವ ಹೊತ್ತಿಗೆ ಇಳಿಯುತ್ತಾಳೆ. ಅಬ್ಬಾರ ಎದೆ ಕೆಟ್ಟ ಮೇಲೆ ತಹಸೀನ್ ಓದಿದ್ದು ಆ ಕಾಲರ್‌ಗಳ ಮೇಲೆ. ಮಿಸ್ಬಾಗೆ ಮನೆ ಮುಂದೆ ಸ್ವಂತ ಮಿಷನ್ ಹಾಕಿಕೊಂಡು, ತನಗೆ ಬೇಕಾದಾಗ ಏಳುತ್ತಾ ಕೂರುತ್ತಾ ಹೊಲಿಯುವ ಆಸೆ. ಅಷ್ಟೇ ಆಸೆ. ಅಕ್ಕತಂಗಿಯರ ನಡುವೆ ಒಂದು ಮಾತಾಗಿತ್ತು.

"ನಿಂಗೆ ಪರ್ಮನೆಂಟ್ ಆಯ್ತು ಅನ್ನೋ ದಿನ ನಾನು ಫ್ಯಾಕ್ಟರಿ ಬುಟ್ಬುಡ್ತೀನಿ. ಕೊರಳಿನ ಕಾರ್ಡನ್ನ ಸೂಪರ್‌ವೈಸರ್ ಮುಖದ್ ಮೇಲೆ ಎಸೆದು ಬತ್ತೀನಿ ನೋಡು."

"ಮುಖದ್ ಮೇಲೆ ನಕ್ಕೋ ಆಪಾ. ಟೇಬಲ್ ಮೇಲಿಟ್ಟು ಬಾ."

"ಇಲ್ಲ ಕಣಮ್ಮಿ. ಮುಖದ್ ಮೇಲೇ."

ಮನೆಯಲ್ಲಿ ಅವರು ಆಡುವುದು ಉರ್ದು. ಆ ಉರ್ದುವಿನಲ್ಲಿ ಅರ್ಧ ಗುಂಡ್ಲುಪೇಟೆ ಇರುತ್ತದೆ. ನಕ್ಕೋ ಅಂದರೆ ಬೇಡ. ಇದನ್ನು ನೆನಪಿಟ್ಟುಕೊಳ್ಳಿ.

ಕಂಪನಿ ಅಂದರೆ ಒಂದು ಉದ್ದನೆಯ ಹಾಲು, ಗೋಡೆಗೆ ಒಂದು ದೊಡ್ಡ ಟಿವಿ, ಗಾಜಿನ ಹಿಂದೆ ಬಸವಪ್ರಸಾದನ ಕುರ್ಚಿ. ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಬರಹ: ಮೊದಲು ನಮ್ಮ ಮೇಲೆ, ಆಮೇಲೆ ಗಿರಾಕಿಯ ಮೇಲೆ. ಇದು ಅಲ್ಲಿನ ಪದ್ಧತಿ. ಏನೇ ತಯಾರಿಸಿದರೂ ಮೊದಲು ತಮ್ಮ ಮೇಲೇ ಪ್ರಯೋಗ ಮಾಡಿ ನೋಡಬೇಕು. ಹಾಲಿನ ಡೈರಿಗೆ ಸಾಫ್ಟ್‌ವೇರ್ ಮಾಡಿದಾಗ ಎಲ್ಲರೂ ಮನೆಯಿಂದ ಹಾಲು ತಂದು ಅಳೆಸಿದ್ದರು. ಕಲ್ಯಾಣಮಂಟಪಕ್ಕೆ ಮಾಡಿದಾಗ ಮಾದೇಶನಿಗೆ ಪರದೆಯ ಮೇಲೆ ಮದುವೆಯ ಮೇಲೆ ಮದುವೆ ಆಯಿತು. ಒಂದು ಮುಹೂರ್ತಕ್ಕೆ ಹೆಣ್ಣಿನ ಕಡೆಯವರಾಗಿ ಬಸವಪ್ರಸಾದನೇ ಸಹಿ ಹಾಕಿದ್ದ. ಪದ್ಧತಿ ಅಂದರೆ ಪದ್ಧತಿ.

ತಹಸೀನ್‌ಗೆ ಕೆಲಸ ಹಿಡಿಸಿತು. ಮಾದೇಶನಿಗೆ ನಿಜವಾಗಿ ಏನೂ ಬರುತ್ತಿರಲಿಲ್ಲ. ಅವಳು ಹೇಳಿಕೊಟ್ಟಳು. "ತಾಸೀನು, ನೀ ಇಲ್ದಿದ್ರೆ ನಾನು ಈಟೊತ್ಗೆ ಹಂಗಳದಲ್ಲಿ ಟೊಮೇಟೊ ಕೀಳ್ತಿದ್ದೆ ಕಣ" ಅನ್ನುತ್ತಿದ್ದ. ಕಲಿತ. ಪರವಾಗಿಲ್ಲ ಅನ್ನುವಷ್ಟು ಕಲಿತ.

ಒಂದೇ ಒಂದು ತೊಂದರೆ. ಮೇಲಿನ ಕಕ್ಕಸು ಸ್ಟಾಫಿಗೆ. ಇಂಟರ್ನ್‌ಗಳು ಕೆಳಗೆ ಹೋಗಬೇಕು, ಗೊಬ್ಬರದಂಗಡಿಯ ಹಿಂದಕ್ಕೆ. ಬೀಗದ ಕೈ ಅಂಗಡಿಯವನ ಹತ್ತಿರ. ಅವನನ್ನು ಕೇಳಬೇಕು. ಅವನು ಗಿರಾಕಿಗಳ ಮುಂದೆ ಗಟ್ಟಿಯಾಗಿ "ಟಾಯ್ಲೆಟ್ಟಿಗಾ?" ಅಂತ ಕೇಳುತ್ತಾನೆ. ಯೂರಿಯಾ ಮೂಟೆಯ ಮೇಲೆ ಕೂತ ರೈತರೆಲ್ಲ ತಿರುಗಿ ನೋಡುತ್ತಾರೆ. ಒಳಗೆ ಚಿಲಕವಿಲ್ಲ. ಒಂದು ಕಾಲಿನಿಂದ ಬಾಗಿಲು ಒತ್ತಿಕೊಂಡಿರಬೇಕು. ಮಾದೇಶ್ ಗಂಡಸು, ಎಲ್ಲೋ ಗೋಡೆ ನೋಡಿಕೊಂಡ. ತಹಸೀನ್ ನೀರು ಕುಡಿಯುವುದನ್ನು ಬಿಟ್ಟಳು.

ದಿನಾ ಬೆಳಗ್ಗೆ ಅಬ್ಬಾ ಎರಡು ಬಾಟಲಿ ನೀರು ತುಂಬಿಡುತ್ತಿದ್ದರು. ಒಂದು ಮಿಸ್ಬಾಗೆ, ಒಂದು ತಹಸೀನ್‌ಗೆ. ಬೊಗಸೆಯಲ್ಲಿ ನೀರು ಕುಡಿದ ಮನುಷ್ಯ. ಮಕ್ಕಳು ಬಾಟಲಿ ಹಿಡಿದು ಕೆಲಸಕ್ಕೆ ಹೋಗುವುದನ್ನು ನೋಡಲು ಅವರಿಗೆ ಹೆಮ್ಮೆ. ಸಂಜೆ ಎರಡೂ ಬಾಟಲಿ ತುಂಬಿದ್ದ ಹಾಗೇ ವಾಪಸ್ಸು ಬರುತ್ತಿದ್ದವು. ಗುಂಡ್ಲುಪೇಟೆಯ ನೀರು ಬದನಗುಪ್ಪೆ, ಚಾಮರಾಜನಗರ ಎಲ್ಲ ನೋಡಿಕೊಂಡು ಮನೆಗೆ ಬರುತ್ತಿತ್ತು.

"ಏನ್ರಮ್ಮ, ನೀರಿಗೆ ಟೂರ್ ಮಾಡಿಸ್ತೀರಾ?" ಅಂತ ಅಬ್ಬಾ ರೇಗಿಸುತ್ತಿದ್ದರು. "ನಂಗಾದ್ರೂ ಒಂದು ಟಿಕೆಟ್ ತೆಗೀರಿ."

ಇಬ್ಬರೂ ನಕ್ಕು ಸುಮ್ಮನಾಗುತ್ತಿದ್ದರು.

ಹೀಗಿರುವಾಗ ಒಂದು ದಿನ ಬಸವಪ್ರಸಾದ್ ತಹಸೀನ್‌ಳನ್ನು ಗಾಜಿನ ಹಿಂದಕ್ಕೆ ಕರೆದ. ಮುಖದಲ್ಲಿ ಹಬ್ಬ.

"ಬದನಗುಪ್ಪೆ ಗಾರ್ಮೆಂಟ್ಸ್‌ನವರ ಕೆಲಸ ಬಂದಿದೆ ಕಣಮ್ಮ. ದೊಡ್ಡ ಗಿರಾಕಿ. ಅಲ್ಲಿ ಹೆಂಗಸರು ಟಾಯ್ಲೆಟ್ ಅಂತ ಎದ್ದು ಹೋಗೋದು, ಅಲ್ಲೇ ಹರಟೆ ಹೊಡೀತಾ ನಿಲ್ಲೋದು. ಪ್ರೊಡಕ್ಷನ್ ಎಲ್ಲ ಹಾಳು. ಅದಕ್ಕೆ ಬಾಗಿಲಿಗೆ ಕಾರ್ಡ್ ಮಿಷನ್. ಒಳಗೆ ಹೋಗ್ತಾ ಕಾರ್ಡ್ ತೋರಿಸ್ಬೇಕು, ಬರ್ತಾ ತೋರಿಸ್ಬೇಕು. ಐದು ನಿಮಿಷ ದಾಟಿದರೆ ಹೆಸರು ಟಿವಿ ಮೇಲೆ ಕೆಂಪಗೆ ಬರ್ಬೇಕು. ಮೈಕಲ್ಲಿ ಕೂಗ್ಬೇಕು. ಎಲ್ಲರಿಗೂ ಕೇಳೋ ಹಾಗೆ."

"ಕೂಗೋದು ಯಾಕೆ ಸಾರ್?"

"ನಾಚಿಕೆ ಆಗ್ಲಿ ಅಂತ. ನಾಚಿಕೆ ಆದ್ರೆ ಬೇಗ ಬರ್ತಾರೆ." ಇದನ್ನು ಅವನು ಯಾವ ಕೆಟ್ಟತನವೂ ಇಲ್ಲದೆ, ಅನ್ನಕ್ಕೆ ಸಾರು ಬೇಕು ಅನ್ನುವ ಹಾಗೆ ಹೇಳಿದ. "ನೀನು ಹೆಣ್ಮಗಳು. ಹೆಂಗಸರ ವಿಷಯ ನಿನಗೇ ಚೆನ್ನಾಗಿ ಗೊತ್ತಾಗೋದು. ಇದೊಂದು ಮುಗಿಸಿಕೊಡು, ಪರ್ಮನೆಂಟ್ ಮಾಡ್ತೀನಿ."

ಆ ಸಂಜೆ ತಹಸೀನ್ ಮನೆಗೆ ಬಂದಾಗ ಮಿಸ್ಬಾ ಚಾಪೆಯ ಮೇಲೆ ಮುದುರಿಕೊಂಡು ಮಲಗಿದ್ದಳು. ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡಿದ್ದಳು. ಉರಿಮೂತ್ರ. ತಿಂಗಳಿಗೊಂದು ಸಲ ಬರುತ್ತಿತ್ತು, ಈಗ ಹೋಗುವುದೇ ಇಲ್ಲ. ತಹಸೀನ್ ಬಾರ್ಲಿ ನೀರು ಕಾಯಿಸಿ ತಂದಳು. ಮಿಸ್ಬಾ ಕುಡಿಯುತ್ತಾ ಹಲ್ಲು ಕಚ್ಚಿದಳು.

ಆಗ ತಹಸೀನ್ ಎಲ್ಲವನ್ನೂ ಹೇಳಿದಳು. ಕಾರ್ಡು, ಟಿವಿ, ಮೈಕು.

ಮಿಸ್ಬಾ ಲೋಟ ಕೆಳಗಿಟ್ಟಳು. ಆಮೇಲೆ ಮರಿತಾಯಮ್ಮನ ವಿಷಯ ಹೇಳಿದಳು. ಪಕ್ಕದ ಮಿಷನ್ನಿನ ಹೆಂಗಸು, ಮೊಮ್ಮಗಳಿರುವವಳು. ಒಂದು ದಿನ ಸೂಪರ್‌ವೈಸರ್ ಏಳಲು ಬಿಡಲಿಲ್ಲ. ತಡೆದಳು, ತಡೆದಳು, ಕೂತಲ್ಲೇ ಆಗಿಹೋಯಿತು. ಸೀರೆ ಒದ್ದೆ. ಬೆಲ್ ಹೊಡೆಯುವವರೆಗೂ ಏಳಲಿಲ್ಲ. ಕತ್ತರಿಸಿದ ಬಟ್ಟೆಯ ಕಟ್ಟು ತೊಡೆಯ ಮೇಲಿಟ್ಟುಕೊಂಡು ಹೊಲಿಯುತ್ತಲೇ ಇದ್ದಳು. ಕಣ್ಣಿಂದ ನೀರು, ಕೈ ಮಾತ್ರ ನಿಲ್ಲಲಿಲ್ಲ. ಲೈನಿನಲ್ಲಿ ಎಲ್ಲರಿಗೂ ಗೊತ್ತಾಯಿತು. ಯಾರೂ ಅವಳ ಕಡೆ ನೋಡಲಿಲ್ಲ. ನೋಡದೆ ಇರುವುದೊಂದೇ ಅವರು ಮಾಡಬಹುದಾದ ಉಪಕಾರ.

"ಅವತ್ತಿಂದ ನಾವ್ಯಾರೂ ನೀರು ಕುಡಿಯಾಕಿಲ್ಲ" ಅಂದಳು ಮಿಸ್ಬಾ. "ಇರೋವೇ ಒಂದೆರಡು ಕಕ್ಕಸು. ಐದು ನಿಮಿಷ ಕ್ಯೂನಲ್ಲೇ ಓಯ್ತದೆ."

"ನಾನು ಬರೆಯಲ್ಲ ಆಪಾ."

ಮಿಸ್ಬಾ ಎದ್ದು ಕೂತಳು. "ಹುಚ್ಚಿ ಥರ ಆಡ್ಬೇಡ. ನೀನು ಬರೀದಿದ್ರೆ ಇನ್ಯಾರೋ ಬರೀತಾರೆ. ಬರಿ. ನಿಂಗೆ ಪರ್ಮನೆಂಟ್ ಆಗ್ಲಿ. ಆಮೇಲೆ ನಾನು ಅಲ್ಲಿ ಇರೋದೇ ಇಲ್ವಲ್ಲ." ಅಷ್ಟು ಹೇಳಿ ನಗಲು ನೋಡಿದಳು. "ಬರೆಯೋವಾಗ ನನ್ನ ಹೆಸರಿಗೆ ಒಳ್ಳೆ ಬಣ್ಣ ಹಾಕು. ಕೆಂಪು ನಂಗೆ ಒಪ್ಪಾಕಿಲ್ಲ."

ಅಕ್ಕನೇ ಹೇಳಿದ ಮೇಲೆ ತಹಸೀನ್ ಬರೆದಳು. ಬರೆಯಲಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಚೆನ್ನಾಗಿಯೇ ಬರೆದಳು. ಮೊದಲ ಸಲ ಕಾರ್ಡು ಮುಟ್ಟಿಸಿದಾಗ ಹೆಸರು ಕೆಂಪಗೆ ಬಂತು ನೋಡಿ, ಖುಷಿಯಿಂದ ಚಪ್ಪಾಳೆ ತಟ್ಟಿದಳು. ತಟ್ಟಿದ ಮೇಲೆ ತನ್ನ ಕೈಯನ್ನೇ ನೋಡಿಕೊಂಡಳು.

ಟೆಸ್ಟ್ ಮಾಡುವ ದಿನ ಬಂತು. ತಹಸೀನ್ ಗೋಡೆಯ ಮೇಲಿನ ಬರಹವನ್ನೇ ನೋಡುತ್ತಾ ನಿಂತಿದ್ದಳು. ಮೊದಲು ನಮ್ಮ ಮೇಲೆ. ಹೋಗಿ ಗಾಜಿನ ಬಾಗಿಲು ತಟ್ಟಿದಳು.

"ಸಾರ್, ಇದನ್ನೂ ಮೊದಲು ನಮ್ಮ ಮೇಲೆ ಟೆಸ್ಟ್ ಮಾಡ್ಲಾ?"

ಬಸವಪ್ರಸಾದ್ ಫೋನಿನಲ್ಲಿದ್ದ. ಕೈ ಬೀಸಿದ. "ಅದನ್ನೇನಮ್ಮ ಕೇಳೋದು! ಪದ್ಧತಿ ಇದೆಯಲ್ಲ. ಮಾಡು ಮಾಡು."

ಮಾದೇಶ್ ಸ್ಕ್ರೂಡ್ರೈವರ್ ಹಿಡಿದು ಬಂದ. ಮೇಲಿನ ಕಕ್ಕಸಿನ ಬಾಗಿಲಿಗೆ ಕಾರ್ಡು ಮಿಷನ್ ಕೂರಿಸಿದರು. ಹಾಲಿನ ಟಿವಿಗೆ ಜೋಡಿಸಿದರು. ಹಾಜರಿಗೆ ಅಂತ ಎಲ್ಲರ ಕೊರಳಲ್ಲೂ ಕಾರ್ಡು ಇದ್ದೇ ಇತ್ತು. "ತಾಸೀನು, ಈಗ ನಾವೂ ಇಲ್ಲಿಗೇ ಓಗ್ಬೋದಾ?" ಅಂತ ಮಾದೇಶ್ ಕೇಳಿದ. "ಓಗ್ಲೇಬೇಕು ಕಣ್ಲಾ. ಟೆಸ್ಟು" ಅಂದಳು. ಅವತ್ತು ಅವಳು ಆಫೀಸಿನಲ್ಲಿ ಮೊದಲ ಸಲ ಬಾಟಲಿ ತೆರೆದು ಒಂದು ಗುಟುಕು ನೀರು ಕುಡಿದಳು.

ಬೇಕಂತಲೇ ಮಾಡಿದೆಯಾ ಅಂತ ನಾನು ಆಮೇಲೆ ಓಣಿಯಲ್ಲಿ ಸಿಕ್ಕಾಗ ಕೇಳಿದೆ. "ಪದ್ಧತಿ ಅಲ್ವಾ" ಅಂದಳು. ಮುಖದಲ್ಲಿ ಏನೂ ಸಿಗಲಿಲ್ಲ. ಹಾಸಿಗೆ ಹೊಲಿಯುವವರ ಮಗಳು, ಒಳಗೆ ಏನು ತುಂಬಿದೆ ಅಂತ ಹೊರಗಿಂದ ಗೊತ್ತಾಗುವುದಿಲ್ಲ.

ಡೆಮೋಗೆ ಫ್ಯಾಕ್ಟರಿ ಮ್ಯಾನೇಜರ್ ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟ. ಬಸವಪ್ರಸಾದ್ ಆಗಷ್ಟೇ ಒಳಗೆ ಹೋಗಿದ್ದ. ಅವನು ಒಳಗೆ ಹೋಗುವುದು ಅಂದರೆ ಊರಿಗೆಲ್ಲ ಗೊತ್ತು. ಫೋನು ಹಿಡಿದುಕೊಂಡೇ ಹೋಗುತ್ತಾನೆ. ಒಂದಾದ ಮೇಲೆ ಒಂದು ರೀಲ್ಸು. ಬಾಗಿಲಾಚೆಯಿಂದ ಹಾಡು, ಅಡುಗೆ, ಭವಿಷ್ಯ ಎಲ್ಲ ಕೇಳುತ್ತದೆ. ಬಾಗಿಲಿಗೆ ಮಿಷನ್ ಇರುವುದನ್ನು ಬೆಳಗ್ಗೆಯೇ ನೋಡಿ ಭೇಷ್ ಅಂದಿದ್ದ. ಆಮೇಲೆ ಮರೆತ. ಕಾರ್ಡು ಮುಟ್ಟಿಸಿದ, ಹೋದ.

ಮ್ಯಾನೇಜರ್ ಟಿವಿಯ ಮುಂದೆ ಕೂತ. ರೂಪಶ್ರೀ ಕಾಫಿ ತರಿಸಿದಳು. ಒಳಗಿನಿಂದ ಯಾರೋ ಬದನೆಕಾಯಿ ಎಣ್ಣೆಗಾಯಿ ಮಾಡುವುದು ಹೇಗೆ ಅಂತ ವಿವರಿಸುತ್ತಿದ್ದರು. ಆಗ ಟಿವಿ ಕೆಂಪಾಯಿತು. ಗೋಡೆ ತುಂಬ ಒಂದೇ ಹೆಸರು. ಮಿಷನ್ನಿನ ಹೆಣ್ಣುದನಿ, ಒಂದೊಂದೇ ಪದ ಕತ್ತರಿಸಿದ ಹಾಗೆ, ಗಟ್ಟಿಯಾಗಿ ಕೂಗಿತು.

"ಬಸವಪ್ರಸಾದ್. ಶೌಚಾಲಯ. ಸಮಯ ಮೀರಿದೆ."

ಎಣ್ಣೆಗಾಯಿ ನಿಂತಿತು.

"ಬಸವಪ್ರಸಾದ್. ಶೌಚಾಲಯ. ಸಮಯ ಮೀರಿದೆ."

ಒಳಗೆ ಏನೋ ಬಿತ್ತು. ಫೋನೇ ಇರಬೇಕು. ಬಕೆಟ್ ಉರುಳಿತು. ನಲ್ಲಿ ತೆರೆದ ಸದ್ದು, ಮುಚ್ಚಿದ ಸದ್ದು. ಬಸವಪ್ರಸಾದ್ ಹೊರಗೆ ಬಂದಾಗ ಕೈಯೆಲ್ಲ ನೀರು, ಕಿವಿ ಟಿವಿಗಿಂತ ಕೆಂಪು. ಕೆಳಗಿನ ಗೊಬ್ಬರದಂಗಡಿಯವನೂ ಮೆಟ್ಟಿಲ ಹತ್ತಿರ ಬಂದು ಇಣುಕುತ್ತಿದ್ದ. ಅವನಿಗೂ ಕೇಳಿಸಿತ್ತು.

ತಹಸೀನ್ ಟಿವಿಯ ಪಕ್ಕ ನಿಂತಿದ್ದಳು. ಈಗ ಇವನಿಗೆ ಗೊತ್ತಾಯಿತು, ಇನ್ನು ಇವನೇ ಬೇಡ ಅನ್ನುತ್ತಾನೆ ಅಂದುಕೊಂಡಳು. ಪೆದ್ದಿ. ಓದಿದ ಹುಡುಗಿ, ಆದರೂ ಪೆದ್ದಿ.

ಮ್ಯಾನೇಜರ್ ತೊಡೆ ತಟ್ಟಿಕೊಂಡು ನಕ್ಕ. "ಫಸ್ಟ್ ಕ್ಲಾಸ್ ಸಾರ್! ಓನರನ್ನೇ ಬಿಡಲಿಲ್ಲ! ಎಂಥಾ ಡೆಮೋ! ಇದೇ ಬೇಕು ನಮಗೆ. ಇನ್ನೂ ಸ್ವಲ್ಪ ಗಟ್ಟಿಯಾಗಿ ಕೂಗೋ ಹಾಗೆ ಮಾಡಿಬಿಡಿ ಸಾಕು."

ಬಸವಪ್ರಸಾದನ ಮುಖ ನೋಡಬೇಕಿತ್ತು. ಕಿವಿ ಇನ್ನೂ ಕೆಂಪಗಿತ್ತು, ಆದರೆ ಹಲ್ಲು ಹೊರಗೆ ಬಂತು. ಅವಮಾನ ಆರ್ಡರ್ ಆಗಿ ಬಂದರೆ ನುಂಗುವುದು ಅಷ್ಟು ಕಷ್ಟವಲ್ಲ. "ನಮ್ಮ ಹುಡುಗಿ ಸಾರ್, ನಮ್ಮ ಗುಂಡ್ಲುಪೇಟೆ ಹುಡುಗಿ" ಅಂದ. ಹಾಸಿಗೆ ಸಾಬಿಯ ಮಗಳು ಅವತ್ತು ಒಂದೇ ಏಟಿಗೆ ನಮ್ಮ ಹುಡುಗಿ ಆದಳು. "ಇವತ್ತೇ ಪರ್ಮನೆಂಟ್ ಲೆಟರ್ ಮಾಡಿಸ್ತೀನಿ ಕಣಮ್ಮ. ಕೂತ್ಕೋ. ಸಾರ್ ಹೆಸರುಗಳನ್ನ ತಂದಿದ್ದಾರೆ, ತುಂಬು. ಎಲ್ಲ ಬಾಗಿಲಿಗೂ ನಡೆಯೋ ಹಾಗೆ ಮುಗಿಸಿಬಿಡು."

ತಹಸೀನ್ ಕೂತಳು. ಹೆಸರುಗಳು ಪರದೆಯ ಮೇಲೆ ಬಂದವು. ಗಂಗಾಂಬಿಕೆ. ಶಾಂತಿ. ಮರಿತಾಯಮ್ಮ. ಮಿಸ್ಬಾ. ಅವಳ ಬೆರಳು ನಿಂತಿತು.

"ಏನಾಯ್ತಮ್ಮ?"

"ಸಾರ್, ನಿಮ್ಮ ಹೆಸರು ಕೂಗಿದಾಗ ಹೆಂಗಾಯ್ತು?"

ಬಸವಪ್ರಸಾದ್ ಮ್ಯಾನೇಜರ್ ಕಡೆ ನೋಡಿ ನಕ್ಕ. "ಅದು ಟೆಸ್ಟು ಬಿಡಮ್ಮ."

"ನಿಮಗೆ ಟೆಸ್ಟು. ನಮ್ಮ ಅಕ್ಕನಿಗೆ ದಿನಾ."

"ಅಕ್ಕನಾ?"

"ಮಿಸ್ಬಾ. ಕಾಲರ್ ಸೆಕ್ಷನ್."

ಮ್ಯಾನೇಜರ್ ಕಾಫಿ ಲೋಟ ಕೆಳಗಿಟ್ಟ. ಅವನೂ ಕೆಟ್ಟವನಲ್ಲ, ಇಲ್ಲಿ ಯಾರೂ ಕೆಟ್ಟವರಲ್ಲ. ದೊಡ್ಡ ಮನಸ್ಸು ಮಾಡಿದ. "ಅಷ್ಟೇ ತಾನೆ? ನಿಮ್ಮ ಅಕ್ಕನ ಹೆಸರು ಬಿಟ್ಟುಬಿಡು. ಅವಳು ಎಷ್ಟು ಹೊತ್ತು ಬೇಕಾದ್ರೂ ಕೂತಿರಲಿ. ಆಯ್ತಾ?"

ಅದೊಂದು ಕ್ಷಣ ತಹಸೀನ್‌ಗೆ ಕಷ್ಟವಾಯಿತು. ಚಾಪೆಯ ಮೇಲೆ ಮುದುರಿದ ಅಕ್ಕ ಕಂಡಳು. ಮನೆ ಮುಂದಿನ ಸ್ವಂತ ಮಿಷನ್ ಕಂಡಿತು. ಒಂದು ಹೆಸರು ಅಳಿಸಿದರೆ ಸಾಕು. ಆಮೇಲೆ ಬಟ್ಟೆಯ ಕಟ್ಟು ತೊಡೆಯ ಮೇಲಿಟ್ಟುಕೊಂಡ ಮರಿತಾಯಮ್ಮ ಕಂಡಳು. ಅವಳನ್ನು ತಹಸೀನ್ ಒಮ್ಮೆಯೂ ನೋಡಿರಲಿಲ್ಲ. ಆದರೂ ಕಂಡಳು.

"ನಕ್ಕೋ" ಅಂದಳು.

ಆಫೀಸಿನಲ್ಲಿ ಅವಳ ಮನೆಯ ಮಾತು ಬಾಯಿಂದ ಬಿದ್ದದ್ದು ಅದೇ ಮೊದಲು.

"ಏನು?"

"ಬೇಡ ಅಂದೆ. ನಾನು ಹಾಕಲ್ಲ. ಅಕ್ಕನ ಹೆಸರೂ ಹಾಕಲ್ಲ, ಯಾರ ಹೆಸರೂ ಹಾಕಲ್ಲ. ಮುಂದಕ್ಕೆ ಒಂದು ಸಾಲೂ ಬರೆಯಲ್ಲ."

ಬಸವಪ್ರಸಾದನಿಗೆ ಈಗ ಸಿಟ್ಟು ಬಂತು. "ನಿಮ್ಮಪ್ಪ ನಮ್ಮ ಮನೆ ಜಗಲೀಲಿ ಕೂತು ಅನ್ನ ತಿಂದವನು ಕಣಮ್ಮ. ಅವನ ಮಗಳನ್ನ ತಂದು ಕುರ್ಚಿ ಮೇಲೆ ಕೂರಿಸಿದ್ದೀನಿ."

ತಹಸೀನ್ ಕುರ್ಚಿಯಿಂದ ಎದ್ದಳು.

"ಹೌದು ಸಾರ್. ನಮ್ಮ ಅಬ್ಬಾ ಜಗಲೀಲಿ ಕೂತ್ರು. ನೀವು ಮಲಗೋದು ಅವರು ಹೊಲಿದಿದ್ದರ ಮೇಲೆ. ನಾನು ನಿಮ್ಮ ಕೋಡ್ ಬರೆದೆ, ಒಂದಕ್ಕೆ ಹೋಗೋಕೆ ಗೊಬ್ಬರದಂಗಡಿ ಹಿಂದಕ್ಕೆ ಹೋದೆ. ನಮ್ಮ ಅಕ್ಕ ಶರ್ಟ್ ಹೊಲಿದ್ಲು, ನೀರು ಕುಡಿಯೋದೇ ಬುಟ್ಲು. ಇನ್ನೆಷ್ಟು ತಡ್ಕ ಅಂತೀರಾ? ಉಚ್ಚೆ ಹುಯ್ಯೋಕೂ ನಿಮ್ಮನ್ನ ಕೇಳ್ಬೇಕಾ?"

ಆ ಪದವನ್ನು ಆ ಹಾಲಿನಲ್ಲಿ ಯಾರೂ ಆಡಿರಲಿಲ್ಲ. ವಾಷ್‌ರೂಮ್ ಅನ್ನುತ್ತಿದ್ದರು.

"ಮಾದೇಶ!" ಅಂತ ಬಸವಪ್ರಸಾದ್ ಕೂಗಿದ. ತಾನೇ ಕೋಡ್ ಬರೆದು ಅವನಿಗೆ ವರ್ಷಗಳಾಗಿದ್ದವು, ಮೀಟಿಂಗ್ ಮಾಡುವುದಷ್ಟೇ ಗೊತ್ತು. "ಬಾರೋ, ನೀನು ಕೂತ್ಕೋ. ಮುಗಿಸು ಇದನ್ನ."

ಮಾದೇಶ್ ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ತಹಸೀನ್‌ಳನ್ನು ನೋಡಿದ. ಟಿವಿ ನೋಡಿದ.

"ನಂಗೆ ಬರಾಕಿಲ್ಲ ಸಾ."

"ಏನು ಬರಲ್ಲ? ಇಂಟರ್ವ್ಯೂನಲ್ಲಿ ಎಲ್ಲ ಬರುತ್ತೆ ಅಂದ್ಯಲ್ಲೋ!"

"ಸುಳ್ ಏಳ್ಬುಟ್ಟೆ ಸಾ. ಒಂದೂ ಬರಾಕಿಲ್ಲ. ಮೇಡಮ್ಮು ಕೇಳಿದ್ರಲ್ಲ, ಆ ಇಲ್ದಿರೋ ಭಾಷೆ, ಅದೊಂದೇ ಬರೋದು."

ಬಸವಪ್ರಸಾದ್ ರೂಪಶ್ರೀ ಕಡೆ ತಿರುಗಿದ. ರೂಪಶ್ರೀ ಕುರ್ಚಿಯಿಂದ ಎದ್ದಳು. ಟೇಬಲ್ ಮೇಲಿದ್ದ ಫೋನು ತೆಗೆದುಕೊಂಡಳು. ಕೊರಳಿನ ಕಾರ್ಡನ್ನು ಮಿಷನ್ನಿಗೆ ಮುಟ್ಟಿಸಿದಳು. ಕಕ್ಕಸಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ಅವಳು ಬರಲೇ ಇಲ್ಲ. ಬಸವಪ್ರಸಾದ್ ಬಾಗಿಲು ತಟ್ಟಿದ. ಮ್ಯಾನೇಜರ್ ಕೈಗಡಿಯಾರ ನೋಡಿಕೊಂಡ. ಬಿಸಿ ಕಾಫಿ ಕುಡಿದಿದ್ದ ಪಾಪ, ಅವನೂ ಕಾಲು ಬದಲಿಸಿ ಬದಲಿಸಿ ನಿಂತ. ಗೋಡೆಯ ಟಿವಿ ಕೆಂಪಗೆ ಹೊಳೆಯುತ್ತಾ, ಯಾರ ಮುಲಾಜೂ ಇಲ್ಲದೆ ಕೂಗುತ್ತಲೇ ಇತ್ತು.

"ರೂಪಶ್ರೀ. ಶೌಚಾಲಯ. ಸಮಯ ಮೀರಿದೆ."

ತಹಸೀನ್ ಕೊರಳಿನ ಕಾರ್ಡು ತೆಗೆದಳು. ಯಾರ ಮುಖದ ಮೇಲೂ ಎಸೆಯಲಿಲ್ಲ. ಟೇಬಲ್ ಮೇಲಿಟ್ಟು ಮೆಟ್ಟಿಲಿಳಿದಳು.

ಮನೆಯಲ್ಲಿ ಮಿಸ್ಬಾ ಹೊಗಳಲಿಲ್ಲ. ಕೂಗಾಡಿದಳು. "ನಿನ್ನ ನಂಬ್ಕೊಂಡು ಕೂತಿದ್ನಲ್ಲೇ! ಇನ್ನೆಷ್ಟು ವರ್ಷ ಆ ಮಿಷನ್ ತುಳೀಲಿ ನಾನು? ನನ್ನ ಹೆಸರು ಬಿಡ್ತೀನಿ ಅಂದ್ರೂ ಬೇಡ ಅಂದ್ಯಾ?" ಅಂತ ಅತ್ತಳು. ತಹಸೀನ್ ತಲೆ ತಗ್ಗಿಸಿ ಕೂತಿದ್ದಳು. ಅಕ್ಕ ಕೇಳಿದ್ದು ನ್ಯಾಯವಾಗಿಯೇ ಇತ್ತು.

ಅಬ್ಬಾ ಎಲ್ಲ ಕೇಳಿಸಿಕೊಂಡರು. ನೀರಿಗೆ ಯಾಕೆ ಟೂರ್ ಅಂತ ಅವರಿಗೆ ಅವತ್ತು ಗೊತ್ತಾಯಿತು. ಕೆಮ್ಮಿದರು. ಹೋಗಿ ಹತ್ತಿಯ ಮುಂದೆ ಕೂತರು.

ಮರುದಿನ ಬೆಳಗ್ಗೆ ಅಭ್ಯಾಸಬಲದಿಂದ ಅವರು ಎರಡೂ ಬಾಟಲಿ ತುಂಬಿಟ್ಟಿದ್ದರು. ಒಂದು ಹೋಗಬೇಕಾದ ಕಡೆ ಇನ್ನು ಯಾರೂ ಹೋಗುವಂತಿರಲಿಲ್ಲ. ಮಿಸ್ಬಾ ಮುಖ ಊದಿಸಿಕೊಂಡೇ ಬಂದಳು, ತಂಗಿಯ ಜೊತೆ ಮಾತಿಲ್ಲ. ತನ್ನ ಬಾಟಲಿ ಚೀಲಕ್ಕೆ ಹಾಕಿಕೊಂಡಳು. ಬಾಗಿಲವರೆಗೆ ಹೋದವಳು ತಿರುಗಿ ಬಂದಳು. ತಹಸೀನ್‌ಳ ಬಾಟಲಿಯನ್ನೂ ಎತ್ತಿಕೊಂಡು ಹೋದಳು.

ಆ ದಿನವಿಡೀ ತಹಸೀನ್ ಚಪ್ಪರದಡಿ ಅಬ್ಬಾ ಜೊತೆ ಹತ್ತಿ ತುಂಬಿದಳು. ಮಾದೇಶನ ಫೋನು ಬಂತು, ಅವನನ್ನೂ ಕಳಿಸಿದ್ದರಂತೆ. "ಟೊಮೇಟೊ ಕೀಳಾಕೆ ಓಯ್ತಾ ಇವ್ನಿ ಕಣ. ಅದಾದ್ರೂ ಬತ್ತದೆ" ಅಂದ. ಆ ಕೋಡನ್ನು ಬೇರೆ ಯಾರಾದರೂ ಮುಗಿಸಿಕೊಟ್ಟಾರು, ಅದು ತಹಸೀನ್‌ಗೆ ಗೊತ್ತಿತ್ತು. ತನ್ನಿಂದ ಏನೂ ನಿಲ್ಲಲಿಲ್ಲ ಅನ್ನಿಸುತ್ತಿತ್ತು.

ಸಂಜೆ ಮಿಸ್ಬಾ ಬಂದಳು. ಚಪ್ಪಲಿ ಬಿಟ್ಟಳು. ಚೀಲದಿಂದ ಎರಡೂ ಬಾಟಲಿ ತೆಗೆದು ಅಬ್ಬಾ ಮುಂದೆ ಇಟ್ಟಳು. ಅಬ್ಬಾ ಒಂದನ್ನು ಎತ್ತಿ ಅಲ್ಲಾಡಿಸಿದರು. ಸದ್ದಿಲ್ಲ. ಇನ್ನೊಂದನ್ನು ಎತ್ತಿ ತಲೆಕೆಳಗು ಮಾಡಿದರು. ಹತ್ತಿಯ ಮೇಲೆ ಒಂದು ಹನಿಯೂ ಬೀಳಲಿಲ್ಲ.

"ಚೆಲ್ಲಿಬಿಟ್ಯಾ?"

"ಕುಡುದ್ವಿ" ಅಂದಳು ಮಿಸ್ಬಾ. "ನಮ್ಮ ಲೈನ್ ಪೂರ್ತಿ. ಇವಳು ಏನ್ ಮಾಡಿ ಬಂದ್ಲು ಅಂತ ಏಳ್ದೆ. ಮರಿತಾಯಮ್ಮ ಮೊದ್ಲು ಬಾಟ್ಲಿ ಕಿತ್ಕಂಡು ಗಟಗಟ ಕುಡುದ್ಲು. ಆಮೇಲೆ ಎಲ್ರೂ ಬಾಟ್ಲಿ ತೆಗೆದ್ರು. ಕುಡುದ್ಮೇಲೆ ಬರ್ದೆ ಇರ್ತದಾ? ಒಟ್ಗೇ ಎದ್ವಿ."

"ಸೂಪರ್‌ವೈಸರು?"

"ಕೂಗ್ದ. ಯಾರನ್ನ ಅಂತ ಕೂಗ್ತಾನೆ? ಲೈನೇ ಎದ್ದಿತ್ತು. ಮಿಷನ್ ಎಲ್ಲ ನಿಂತೋಗಿತ್ತು ಅಬ್ಬಾ. ಅಷ್ಟು ಸದ್ದಿಲ್ದೆ ಆ ಫ್ಯಾಕ್ಟರಿನ ನಾನು ನೋಡೇ ಇರ್ಲಿಲ್ಲ. ಟಿವಿ ತಂದು ಹಾಕ್ಲಿ, ಒಂದು ಗೋಡೆ ಸಾಲಾಕಿಲ್ಲ ನಮ್ಮ ಹೆಸರು ಬರೆಯಾಕೆ."

ಅಷ್ಟೊತ್ತಿಗೆ ಅವಳು ತಂಗಿಯ ಕಡೆ ತಿರುಗಿರಲಿಲ್ಲ. ಈಗ ತಿರುಗಿದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಆದರೂ ತಂಗಿಯ ಕೂದಲಿಗೆ ಅಂಟಿದ್ದ ಹತ್ತಿಯನ್ನು ಕಿತ್ತು ತೆಗೆದಳು.

"ಅಬ್ಬಾ" ಅಂದಳು, "ನಾಳೆಗೆ ಈ ಬಾಟ್ಲಿ ಸಾಲ್ದು. ಬಿಂದಿಗೆ ಕೊಡಿ."